ರಿಜಿಡಿಟಿ ಅಂದರೆ ಸುಸ್ತು

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ನಿನ್ನ ಗುಂಡಿ ಡಬ್ಬಿ ತೆರೆದೆ. ತಳದಲ್ಲಿ ಡಾಕ್ಟರು ಬರೆದಿದ್ದ ಆ ಚೀಟಿ ಇತ್ತು, ನಾಲ್ಕು ಮಡಿಕೆಯಾಗಿ.

ಕಾಲರಿನ ಮೂಲೆ ತಿರುವಲು ಬಲಗೈ ಬೆರಳು ಬಾಗುತ್ತಿಲ್ಲವೆಂದು ನೀನು ಡಾಕ್ಟರಿಗೆ ತೋರಿಸಿ, ಅಲ್ಲಿಂದ ನೇರ ನಮ್ಮ ಹೊಲಿಗೆ ಅಂಗಡಿಗೆ ಬಂದಿದ್ದೆ. "ದೊಡ್ಡಾಸ್ಪತ್ರೆಗೆ ಹೋಗ್ಬೇಕಂತೆ. ಅದೇನು ಬರ್ದಿದಾರೆ ನೋಡೇ, ಓದಿದೋಳು ನೀನು," ಅಂದೆ. ಇಂಗ್ಲಿಷಿನಲ್ಲಿ ರಿಜಿಡಿಟಿ ಅಂತ ಇತ್ತು. ಅಕ್ಷರ ಕೂಡಿಸಿ ಓದಿದೆನೇ ಹೊರತು ಅರ್ಥ ಗೊತ್ತಿರಲಿಲ್ಲ. ನನ್ನನ್ನು ಓದಿಸಲೆಂದೇ ನೀನು ಶಾಲೆ ಬಿಟ್ಟು ಮೆಷಿನ್ ತುಳಿದವಳು. ಬಟ್ಟೆ ಕತ್ತರಿಸುವ ಮಾಸ್ತರು, ಕಾಜಾ ಹಾಕುವ ಅತ್ತಿಗೆ, ಎಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಸುಸ್ತು ಅಂತ, ಅಕ್ಕ. ಇದಕ್ಕೆಲ್ಲ ದೊಡ್ಡಾಸ್ಪತ್ರೆ ಯಾಕೆ?" ಅಂದುಬಿಟ್ಟೆ.

"ಅಷ್ಟೇನಾ! ಸುಮ್ನೆ ಹೆದರ್ಕೊಂಡಿದ್ದೆ," ಎಂದು ನೀನು ನಕ್ಕು ಚೀಟಿಯನ್ನು ಡಬ್ಬಿಗೆ ಹಾಕಿದೆ.

ಆಮೇಲೆ ಆ ಪದ ಇಡೀ ಅಂಗಡಿಯದಾಯಿತು. "ಇವತ್ತು ಯಾಕೋ ರಿಜಿಡಿಟಿ ಕಣೇ, ಒಂದು ಟೀ ತಾ," ಅನ್ನುತ್ತಿದ್ದೆ ನೀನು. ಸಂಜೆಯಾದರೆ ಮಾಸ್ತರು ಕತ್ತರಿ ಕೆಳಗಿಟ್ಟು, "ನಂಗೂ ರಿಜಿಡಿಟಿ ಬಂತು, ಬಾಗಿಲು ಹಾಕ್ರಮ್ಮ!" ಅನ್ನೋರು. ನಾನೂ ನಗುತ್ತಿದ್ದೆ. ನಡೆಯುವಾಗ ನಿನ್ನ ಬಲಗೈ ಬೀಸುತ್ತಿರಲಿಲ್ಲ, ಅದನ್ನೂ ನೋಡಿದ್ದೆ. ರವಿಕೆಯ ಗುಂಡಿ ಹಾಕಿಕೊಡು ಅಂತ ನೀನು ಕೇಳಿದಾಗ "ಚಿಕ್ಕ ಮಗುನಾ ನೀನು?" ಅಂದಿದ್ದೆ. ನಿಘಂಟು ಮನೆಯಲ್ಲೇ ಇತ್ತು. ತೆಗೆಯಲಿಲ್ಲ. ಎಲ್ಲಿ ನನ್ನ ಮಾತು ಸುಳ್ಳಾಗಿಬಿಡುತ್ತದೋ ಎಂಬ ಭಯ.

ಒಂದೂವರೆ ವರ್ಷದ ಮೇಲೆ ನೀನು ಹೆಜ್ಜೆ ಎತ್ತಲಾರದೆ ಬಿದ್ದು ಸೊಂಟ ಮುರಿದುಕೊಂಡೆ. ದೊಡ್ಡಾಸ್ಪತ್ರೆಯ ಡಾಕ್ಟರು ಡಬ್ಬಿಯಿಂದ ಒಯ್ದಿದ್ದ ಚೀಟಿ ನೋಡಿ, "ಮೈ ಬಿಗಿಯಾಗ್ತಿದೆ ಅಂತ ಆವಾಗ್ಲೇ ಬರ್ದಿದಾರಲ್ಲಮ್ಮ, ಯಾಕೆ ತಡ ಮಾಡಿದ್ರಿ?" ಅಂದರು.

"ನಂದೇ ಉದಾಸೀನ, ಡಾಕ್ಟ್ರೇ," ಅಂದೆ ನೀನು.

ನನ್ನ ಕಡೆ ತಿರುಗಲೂ ಇಲ್ಲ. ಆಮೇಲೆ ಮಂಚ ಬಿಟ್ಟು ಏಳಲಿಲ್ಲ. ಕೊನೆಯವರೆಗೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಪದವನ್ನು ಮಾತ್ರ ಮತ್ತೆ ಆಡಲಿಲ್ಲ.

ಇವತ್ತು ಸಂಜೆ ಮಾಸ್ತರು ಎಂದಿನಂತೆ, "ರಿಜಿಡಿಟಿ ಕಣಮ್ಮ," ಅಂದರು. ತಡೆಯಲಾಗಲಿಲ್ಲ.

"ಹಂಗಂದ್ರೆ ಸುಸ್ತಲ್ಲ ಮಾಸ್ತರೇ. ಮೈ ಸೆಟೆದುಕೊಳ್ಳೋದು. ಅವತ್ತು ನಂಗೆ ಗೊತ್ತಿರ್ಲಿಲ್ಲ. ಗೊತ್ತಿರೋಳ ಥರ ಹೇಳ್ದೆ."

ಅತ್ತಿಗೆಯ ಮೆಷಿನ್ ನಿಂತಿತು. ಇಬ್ಬರೂ ನೀನು ಕೂರುತ್ತಿದ್ದ ಸ್ಟೂಲಿನ ಕಡೆ ನೋಡಿದರು. ನನಗೆ ನೋಡಲಾಗಲಿಲ್ಲ.

ನೀನಿರುವಲ್ಲಿ ನಿನ್ನ ಬೆರಳುಗಳು ಹಗುರವಾಗಿ ಆಡಲಿ, ಅಕ್ಕ.

ನೀನು ಓದಿಸಿದ,
ತಂಗಿ