ಮೂರನೇ ಬಾಟಲಿ

ತೋಂಟದಾರ್ಯ,

ಈ ಕಾಗದವನ್ನು ನಿನಗೆ ಕಳಿಸುವ ಮುಖ ನನಗಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಬೆಳಿಗ್ಗೆ ನಮ್ಮ ಕುಣಿಗಲ್ ವೈನರಿಯಲ್ಲಿ ನಾಲ್ವರು ಬೆರೆಸಿ ಮಾಡಿದ ನಾಲ್ಕು ರೆಡ್ ವೈನ್ ಬ್ಲೆಂಡ್‌ಗಳ ರುಚಿ ನೋಡಲು ಕೂತಿದ್ದೆ. ಯಾವುದು ಯಾರದೆಂದು ಗೊತ್ತಾಗದಂತೆ ಲ್ಯಾಬಿನ ಪ್ರಮೀಳಾ ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿದ್ದಳು. ಒಂದನೆಯದು ಬರೀ ಹುಳಿ, ಬಕೆಟ್ಟಿಗೆ ಉಗಿದೆ. ಎರಡನೆಯದು ನನ್ನದೇ ಇರಬೇಕು, ಕಹಿ. ಮೂರನೆಯದನ್ನು ಉಗಿಯಲು ಮನಸ್ಸೇ ಬರಲಿಲ್ಲ, ನುಂಗಿಬಿಟ್ಟೆ. ನಾಲ್ಕನೆಯದನ್ನು ಮುಟ್ಟಲೇ ಇಲ್ಲ.

"ಯಾರ್ದಮ್ಮ ಇದು?" ಎಂದು ಕೇಳಿದೆ.

"ತೋಂಟದಾರ್ಯ ಸಾರ್‌ದು. ಅವ್ರು ಕೆಲ್ಸ ಬಿಟ್ಟು ಹೋದಾಗಿಂದ ಪೀಪಾಯಲ್ಲೇ ಇತ್ತು."

ಬಾಟಲಿ ಎತ್ತಿ ಗೋಡೆಗೆ ಅಪ್ಪಳಿಸಿದೆ. ಮೇಜಿಗೆ ಒದ್ದೆ. ಉಳಿದ ಮೂರೂ ಉರುಳಿ ಒಡೆದವು.

ಕೊರಳಲ್ಲಿ ಲಿಂಗವಿದೆ ಎಂದು ನೀನು ಒಂದು ಹನಿಯನ್ನೂ ನುಂಗಿದವನಲ್ಲ. ಬಕೆಟ್ಟಿಗೆ ಉಗಿದೇ ಎಲ್ಲದರ ಗುಣ ಹೇಳುತ್ತಿದ್ದವನು. ಆವತ್ತು ರುಚಿ ನೋಡುವಾಗ ಎಲ್ಲರೆದುರು ನೀನು ನನ್ನ ಬ್ಲೆಂಡ್ ಕಹಿ ಎಂದೆ. "ನುಂಗದೇ ಇರೋನು ನಂಗೇನ್ಲಾ ಹೇಳ್ಕೊಡ್ತೀಯ?" ಎನ್ನುತ್ತ ನಾನು ನಿನ್ನ ಕೈಯ ತುಂಬಿದ ಗ್ಲಾಸು ಕಿತ್ತುಕೊಂಡು ನಿನ್ನ ಬಾಯಿಗೇ ಚಚ್ಚಿದೆ. ಒಂಬತ್ತು ಹೊಲಿಗೆ. ಈಗಲೂ ನಿನ್ನ ತುಟಿ ಸರಿಯಾಗಿ ಮುಚ್ಚುವುದಿಲ್ಲವಂತೆ, ನೀರು ಕುಡಿದರೂ ಸೋರುತ್ತದಂತೆ. ನಿನ್ನೂರು ಹಾಗಲವಾಡಿಯಲ್ಲಿ ನಿನ್ನನ್ನು ನೋಡಿ ಬಂದವರು ಹೇಳಿದರು.

ಪ್ರಮೀಳಾ ಕೂತು ಗಾಜು ಆರಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಆವತ್ತು ಅವ್ರ ಗ್ಲಾಸಲ್ಲಿ ಇದ್ದಿದ್ದೂ ಈ ಮೂರನೇದೇ ಸಾರ್. ಮೊದ್ಲು ನೀವೇ ರುಚಿ ನೋಡ್ಬೇಕು ಅಂತ ತಂದಿದ್ರು."