ನಿಮ್ಮ ಗೇಟಿನ ಮೇಲಿನ ಎಕ್ಸ್

ಹಲಸೂರು
ಬುಧವಾರ, ಜನವರಿ 2003

ನನ್ನ ಹಂಸಕ್ಕನಿಗೆ,

ಫೋನ್ ಮಾಡಿದರೆ ನಿಮ್ಮತ್ತೆಯೇ ಎತ್ತುತ್ತಾರೆ. ಅದಕ್ಕೇ ಅಮ್ಮ ಹೊಲಿಸಿಟ್ಟ ರವಿಕೆಗಳ ಮಡಿಕೆಯಲ್ಲಿಟ್ಟು ಇದನ್ನು ಕಳಿಸುತ್ತಿದ್ದೇನೆ.

ಸೋಮವಾರ ಪೋಲಿಯೊ ಹನಿಯ ಪೆಟ್ಟಿಗೆ ಹೊತ್ತು ಕೆ.ಆರ್. ಪುರಕ್ಕೆ ಬಂದವಳು ನಿಮ್ಮ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಎಕ್ಸ್ ಬರೆದು ಹೋದೆನೆಂದು ಮನೆಯವರೆಲ್ಲ ಸಿಟ್ಟಾಗಿದ್ದಾರಂತೆ. ಮಕ್ಕಳಿಗೆಲ್ಲ ಹನಿ ಹಾಕಿಸಿದ ಮನೆಗೆ ಪಿ, ಒಂದು ಮಗು ಬಿಟ್ಟುಹೋಗಿದ್ದರೂ ಎಕ್ಸ್. ಅದು ಬೈಗುಳವಲ್ಲ, ಮತ್ತೆ ಬರುತ್ತೇವೆಂಬ ಗುರುತು.

ನಿಮ್ಮತ್ತೆ ಆಂಜನಮ್ಮನವರು ಜಗುಲಿಯಿಂದಲೇ, “ಬೀದೀಲಿ ಪುಕ್ಕಟೆ ಹಂಚೋದು ನಮ್ಮನೆ ಮಗೂಗ್ ಯಾಕಮ್ಮ? ನಮಗೇನ್ ಡಾಕ್ಟ್ರಿಲ್ವಾ?” ಅಂದರು. “ಅತ್ತೆ, ಈ ರೋಗ ಪಹಣಿ ನೋಡ್ಕೊಂಡ್ ಬರಲ್ಲ” ಅಂದುಬಿಟ್ಟೆ. ತಪ್ಪಾಯಿತು ಎನ್ನಲಾರೆ. ದನಿ ಸ್ವಲ್ಪ ಜೋರಾಯಿತು, ಅಷ್ಟೇ.

ನೀನು ಲಿಖಿತನನ್ನೆತ್ತಿಕೊಂಡು ಗೇಟಿನವರೆಗೆ ಬಂದು, ಅವನ ಕಿರುಬೆರಳಿನ ಕಪ್ಪು ಗುರುತು ತೋರಿಸಿ, “ಹಾಕ್ಸಾಯ್ತು ಕಣೆ, ಮೆಲ್ಲಗ್ ಮಾತಾಡು” ಎಂದು ಪಿಸುಗುಟ್ಟಿದೆ. ಆದರೂ ಎಕ್ಸ್ ಬರೆದೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಭಾನುವಾರ ಶಿವಾಜಿನಗರದ ನಮ್ಮ ಬೂತಿಗೆ ಢಾಕಾದಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ನಮ್ಮ ಕೆಲಸ ನೋಡಿ, ತಮ್ಮಲ್ಲಿಯದನ್ನು ನಮಗೆ ಹೇಳಿಕೊಡಲು. ಶಂಶುನ್ನೀಸಾ ಎಂಬ ಅಜ್ಜಿ ಹನಿ ಬೇಡವೆಂದು ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ನಿಮ್ಮ ದೇಶದಲ್ಲೂ ಇದನ್ನೇ ಹಾಕ್ತೀರಾ ಎಂದು ಕೇಳಿದಳು. ಡಾಕ್ಟರಮ್ಮ ಮಣ್ಣಿನ ಮೇಲೇ ಕೂತು, ಮುರುಕು ಹಿಂದಿಯಲ್ಲಿ, ನನ್ನ ಮಗಳಿಗೂ ಇದೇ ಹನಿ ಅಂದರು. ನಿನ್ನ ಮನೆಯೊಂದು ಬಿಟ್ಟುಹೋದರೆ ನನ್ನೂರಿನ ಕೆಲಸವೂ ಮುಗಿಯುವುದಿಲ್ಲ ತಾಯಿ ಅಂದರು. ಸೆರಗು ಸರಿಯಿತು.

ಅಕ್ಕ, ಕರಪತ್ರಗಳಲ್ಲಿ ಎಷ್ಟೋ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಎಲ್ಲೋ ತಯಾರಾದ ಹನಿಯನ್ನು, ಒಬ್ಬರ ಮುಖ ಒಬ್ಬರು ಕಾಣದ ಎಷ್ಟೋ ಜನ ಬಿಸಿಲು ತಾಗದಂತೆ ಕೈಯಿಂದ ಕೈಗೆ ದಾಟಿಸಿ ಆ ಗಲ್ಲಿಗೆ ಮುಟ್ಟಿಸುತ್ತಾರೆ! ಇನ್ನು ಮುಂದೆ ಯಾವ ರೋಗವನ್ನೂ ಯಾವ ದೇಶವೂ ಒಂಟಿಯಾಗಿ ಗೆಲ್ಲಲಾರದು. ನಿನ್ನ ತೋಳಿನಲ್ಲಿ ದಾಕು ಹಾಕಿದ ಗುರುತಿದೆಯಲ್ಲ, ಆ ಸಿಡುಬನ್ನು ಓಡಿಸಲು ಹಾವು ಮುಂಗುಸಿಯಂತಿದ್ದ ಅಮೆರಿಕ, ರಷ್ಯಾಗಳೇ ಕೈಜೋಡಿಸಿದ್ದವು. ನಾನೂ ನಿಮ್ಮತ್ತೆಯೂ ಅವರಿಗಿಂತ ಕಡೆಯೇ? ಅವರು ಬೈಯಲಿ, ನಾನು ಮತ್ತೆ ಬರುತ್ತೇನೆ.

ಲಿಖಿತನಿಗೆ ಮುತ್ತು.

ನಿನ್ನ ಬಾಯಿಬಡುಕಿ ತಂಗಿ,
ಯಮುನಾ

ಕೊನೆಗೆ ಹೇಳುತ್ತೇನೆಂದ ಮಾತು: ಗೇಟಿನ ಬಳಿ ನಿನ್ನ ಕೈಯಿಂದ ಲಿಖಿತನನ್ನು ನಾನು ಎತ್ತಿಕೊಂಡಾಗ ಅವನ ಬೆರಳಿನ ಕಪ್ಪು ನನ್ನ ದುಪಟ್ಟಾಕ್ಕೆ ಅಂಟಿತು. ಹನಿ ಹಾಕಿದ ಮೇಲೆ ಗುರುತು ಹಾಕುವ ನಮ್ಮ ಪೆನ್ನಿನ ಮಸಿ ಅಂಟುವುದಿಲ್ಲ ಅಕ್ಕ, ಕಾಡಿಗೆ ಅಂಟುತ್ತದೆ. ಅದಕ್ಕೇ ಎಕ್ಸ್ ಬರೆದೆ. ಯಾರಿಗೂ ಹೇಳಿಲ್ಲ. ರವಿಕೆ ಬಿಗಿಯಾಗಿದೆ, ಹೊಲಿಗೆ ಬಿಚ್ಚಿಸಿಕೊಂಡು ಬರುತ್ತೇನೆಂದು ಹೇಳಿ ಶುಕ್ರವಾರ ಮಗುವನ್ನೆತ್ತಿಕೊಂಡು ಅಮ್ಮನ ಮನೆಗೆ ಬಾ. ಹನಿ ಹಾಕಿ ನಿಜವಾದ ಗುರುತು ನಾನೇ ಹಾಕುತ್ತೇನೆ. ಅತ್ತೆ ಕೇಳಿದರೆ, ದೃಷ್ಟಿಗೆ ಇಟ್ಟ ಕಾಡಿಗೆ ಅನ್ನು.