ನಿನ್ನ ಸಮಾಧಿಯನ್ನು ಅಗೆದೆವು

ಹಾತುಬೆರಿ, ಐನಾರು
೧೬ ಅಕ್ಟೋಬರ್ ೨೦೧೬, ಭಾನುವಾರ

ಪ್ರೀತಿಯ ತಮ್ಮ ನಾಲುಗೆ,

ಜುವೆನಾಲ್ ಎಂದು ಬರೆಯಲೋ, ಈಗಿನ ನಿನ್ನ ಹೆಸರು ಶಂಸುಲ್ ಎಂದೇ ಬರೆಯಲೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಕೊನೆಗೆ ಐದು ವರ್ಷದ ಹುಡುಗನನ್ನು ಕರೆಯುತ್ತಿದ್ದ ಹೆಸರೇ ಇರಲಿ ಎಂದುಕೊಂಡೆ. ನಲವತ್ತೆರಡರ ಗಂಡಸು ಮುಖ ಊದಿಸಿಕೊಳ್ಳಬೇಡ.

ತಡವಾಯಿತು, ಕ್ಷಮಿಸು. ಮೊದಲು ಕಾಫಿ ಕೊಯ್ಲು, ಆಮೇಲೆ ಒಣಗಿಸುವುದು, ಆಮೇಲೆ ನನ್ನ ಮಂಡಿನೋವು. ಸುಳ್ಳು ಯಾಕೆ ಹೇಳಲಿ, ಬರೆಯಲು ಕೂತರೆ ಧೈರ್ಯವೂ ಸಾಲುತ್ತಿರಲಿಲ್ಲ. ಫೋನಿನಲ್ಲೇ ಮಾತಾಡಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ಫೋನು ಬಂದರೆ ಸಾಕು, ಅಮ್ಮ ತನ್ನ ಕಿವಿಯನ್ನು ನನ್ನ ಕೆನ್ನೆಗೆ ಒತ್ತಿಕೊಂಡು ಕೂತುಬಿಡುತ್ತಾಳೆ. ನಾನು ನಿನ್ನ ಜೊತೆ ಒಂದು ಮಾತು ಬೇರೆಯಾಗಿ ಆಡುವ ಹಾಗಿಲ್ಲ. ಹೋದ ತಿಂಗಳು ನೀನು ಕೇಳಿದೆಯಲ್ಲ, ‘ನಂಗೆ ಜಾಸ್ತಿ ಏನೂ ನೆನಪಿಲ್ಲ ಅಕ್ಕಾ, ಒಂದು ಲಾರಿ ಮಾತ್ರ ನೆನಪಿದೆ. ಹತ್ತೋಕೆ ಆಗ್ತಿರ್ಲಿಲ್ಲ. ಹಿಂದಿನಿಂದ ಯಾರೋ ಕಂಕುಳಿಗೆ ಕೈ ಹಾಕಿ ಎತ್ತಿದ್ರು. ಯಾರಿರ್ಬೋದು?’ ಅಂತ. ನಾನು ‘ಲೈನು ಸರಿಯಿಲ್ಲ ಕಣೋ’ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ.

ಅದಕ್ಕೇ ಈ ಕಾಗದ. ನಿನ್ನನ್ನು ಹುಡುಕಿಕೊಟ್ಟ ಸಂಘದ ಹುಡುಗಿ ಈ ವಾರ ನಿಮ್ಮ ಊರು ಮಕಾಸ್ಸರ್‌ಗೆ ಬರುತ್ತಾಳೆ, ಅವಳ ಕೈಗೆ ಕೊಡುತ್ತೇನೆ. ನಿನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ನಗಬೇಡ. ನಿಮ್ಮ ಸರ್ಕಾರದ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದು. ಆಗ ದಿನವೂ ಶಾಪ ಹಾಕುತ್ತಿದ್ದೆ, ಇವತ್ತು ಉಪಯೋಗಕ್ಕೆ ಬಂತು.

ಮೊದಲು ಸಂತೋಷದ ಸುದ್ದಿ. ನಿನ್ನೆ ನಿನ್ನ ಸಮಾಧಿಯನ್ನು ಅಗೆದೆವು!

ಗಾಬರಿಯಾಗಬೇಡ. ಹೆಣ ಸಿಗದೆ ಹೋದವರಿಗೆ ನಾವು ಒಂದು ಕಲ್ಲಿಗೆ ಅವರ ಬಟ್ಟೆ ಸುತ್ತಿ ಹೂಳುತ್ತೇವೆ. ಅಡಗಿದ್ದ ಬೆಟ್ಟದಿಂದ ಇಳಿದು ಜಕಾರ್ತಾದ ಸೈನ್ಯಕ್ಕೆ ಶರಣಾಗಿ, ಶಿಬಿರದಲ್ಲಿ ನಾಲ್ಕು ವರ್ಷ ಕಳೆದು ಊರಿಗೆ ಮರಳಿದಾಗ ಅಮ್ಮ ಮಾಡಿದ ಮೊದಲ ಕೆಲಸ ಅದು. ಅಪ್ಪನಿಗೊಂದು ಕಲ್ಲು, ನಿನಗೊಂದು ಚಿಕ್ಕ ಕಲ್ಲು. ಅಂದಿನಿಂದ ಪ್ರತಿ ನವೆಂಬರ್ ಎರಡಕ್ಕೆ, ಸತ್ತವರ ದಿನ, ನಿನಗೆ ಮೇಣದಬತ್ತಿ ಹಚ್ಚಿ ಹೂ ಹರಡಿದ್ದೇವೆ. ತೊಂಬತ್ತೊಂಬತ್ತರಲ್ಲಿ, ನಾವು ಸ್ವಾತಂತ್ರ್ಯಕ್ಕೆ ವೋಟು ಹಾಕಿದ್ದಕ್ಕೆ, ದೇಶ ಬಿಟ್ಟು ಹೊರಟ ಆ ಸೈನ್ಯದವರು ನಮ್ಮ ಮನೆಗೆ ಬೆಂಕಿ ಇಟ್ಟು ಹೋದರು. ಮನೆ ಬೂದಿಯಾಯಿತು, ನಿನ್ನ ಸಮಾಧಿ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದರ ಪಕ್ಕದಲ್ಲೇ ಗುಡಾರ ಹಾಕಿಕೊಂಡು ಎರಡು ತಿಂಗಳು ಬದುಕಿದೆವು.

ನೀನು ಬರುತ್ತೀಯ ಎಂದಾಗ ಸೆಲೆಸ್ಟೀನು ದೊಡ್ಡಪ್ಪ ಆಗದು ಎಂದು ಗೋಣು ಆಡಿಸಿದ. ಎಂಬತ್ತು ದಾಟಿದ್ದಾನೆ, ನಮ್ಮ ಮನೆತನದ ಕ್ರಮವೆಲ್ಲ ಅವನ ಬಾಯಲ್ಲೇ ಇರುವುದು.

‘ನೋಡಮ್ಮಾ, ಒಬ್ಬನೇ ಮನುಷ್ಯ ಮಣ್ಣಲ್ಲೂ ಮಲ್ಗಿ, ಊಟಕ್ಕೂ ಕೂರೋಕಾಗಲ್ಲ. ಮೊದ್ಲು ಅಲ್ಲಿಂದ ಎಬ್ಸಿ, ಆಮೇಲೆ ಇಲ್ಲಿಗೆ ಕರೀರಿ’ ಎಂದ.

ಸರ್ಕಾರಿ ಕಚೇರಿಗೂ ಹೋಗಿದ್ದೆವು. ಅಲ್ಲಿಯ ಗುಮಾಸ್ತ ಪುಸ್ತಕವನ್ನು ಮೂರು ಸಲ ತಿರುವಿದ. ‘ಸತ್ತಿದಾರೆ ಅಂತಿದೆಯಲ್ಲಾ ಅಜ್ಜೀ. ಸತ್ತೋರನ್ನ ಬದುಕ್ಸೋಕೆ ಫಾರಂ ಇಲ್ಲ. ರಾಜಧಾನಿ ದಿಲಿಯಿಂದ ಬರ್ಬೇಕು’ ಎಂದ. ಅಮ್ಮ ಏನು ಹೇಳಿದಳು ಗೊತ್ತಾ? ‘ಮಗ ಬರೋದಕ್ಕೇ ಮೂವತ್ತೇಳು ವರ್ಷ ಆಯ್ತು. ನಿನ್ನ ಫಾರಂ ನಿಧಾನಕ್ಕೆ ಬರ್ಲಿ ಬಿಡಪ್ಪಾ.’ ಇಡೀ ಕಚೇರಿ ನಕ್ಕಿತು.

ವೋಟು ಹಾಕಿ ಮೂರು ವರ್ಷಕ್ಕೆ ಹುಟ್ಟಿದ ನಮ್ಮ ದೇಶಕ್ಕಿನ್ನೂ ಹದಿನಾಲ್ಕು ವರ್ಷ, ಅಷ್ಟೇ. ಹದಿನಾಲ್ಕರ ಹುಡುಗಿಯ ಹಾಗೆ ಬಟ್ಟೆ ಸರಿಯಿಲ್ಲ, ಮಾತು ಮಾತಿಗೆ ಸಿಟ್ಟು, ಯಾರ ಮಾತೂ ಕೇಳುವುದಿಲ್ಲ. ಕರೆಂಟು ಮನಸ್ಸು ಬಂದರೆ ಬರುತ್ತದೆ. ರಸ್ತೆ ಮಳೆಗಾಲದಲ್ಲಿ ಹಳ್ಳಕ್ಕೆ ಸೇರಿಹೋಗುತ್ತದೆ. ಆದರೂ ಬಾಗಿಲು ಯಾರಾದರೂ ತಟ್ಟಿದರೆ ಎದೆ ಹೊಡೆದುಕೊಳ್ಳುವುದಿಲ್ಲ ನೋಡು, ಅದು ನನಗೆ ಸಾಕು. ನಿಮ್ಮವರನ್ನು ಓಡಿಸಿದೆವು, ನಿಮ್ಮವರ ನೂಡಲ್ಸ್ ಬಿಡಲಿಲ್ಲ. ಅಮ್ಮ ಅಂತೂ ಜಕಾರ್ತಾದ ಧಾರಾವಾಹಿ ನೋಡಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ. ‘ಸೈನ್ಯ ಹೋಗ್ಲಿ, ಧಾರಾವಾಹಿ ಇರ್ಲಿ’ ಅನ್ನುತ್ತಾಳೆ.

ಊಟದ ವಿಷಯದಲ್ಲಿ ದೊಡ್ಡ ಯುದ್ಧವೇ ಆಯಿತು. ನೀನು ಸಿಕ್ಕ ದಿನದಿಂದ ಅಮ್ಮ ಒಂದು ಹಂದಿಮರಿ ಸಾಕಿದ್ದಳು, ನಿನ್ನ ಔತಣಕ್ಕೆ. ‘ಅವನು ತಿನ್ನಲ್ಲಮ್ಮಾ, ಅವನು ಈಗ ಮುಸಲ್ಮಾನ’ ಎಂದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹೋಗಿ ಮೇಕೆ ಗೊತ್ತು ಮಾಡಿಕೊಂಡು ಬಂದಳು. ನಿನ್ನ ಪುಣ್ಯದಿಂದ ಆ ಹಂದಿ ಈಗ ಅಂಗಳದಲ್ಲಿ ಜಮೀನ್ದಾರನ ಹಾಗೆ ಓಡಾಡಿಕೊಂಡಿದೆ.

ನಿನ್ನೆ ಬೆಳಿಗ್ಗೆ ಎಲ್ಲರೂ ಸಮಾಧಿಯ ಸುತ್ತ ನಿಂತೆವು. ದೊಡ್ಡಪ್ಪ ಅಡಿಕೆ ಎಲೆ ಇಟ್ಟು ಹಿರಿಯರ ಹೆಸರು ಹೇಳಿದ. ಆಮೇಲೆ ತಿರುಗಿ, ‘ಸಾವಿನ ಮಾತನ್ನ ಈ ಮನೆಗೆ ತಂದೋರು ಯಾರು?’ ಎಂದು ಕೇಳಿದ.

‘ನಾನು’ ಎಂದೆ.

‘ಮುಂದೆ ಬಾ. ತಂದೋಳೇ ವಾಪಸ್ ತಗೋಬೇಕು. ಪೂರ್ತಿ ತಗೋ, ಚೂರೂ ಉಳಿಸ್ಬೇಡ.’

ಮುಂದೆ ಹೋಗಿ ನಿಂತೆ. ‘ನನ್ನ ತಮ್ಮ ಸತ್ತಿಲ್ಲ. ನಾನು ತಪ್ಪು ಮಾತು ತಂದೆ’ ಎಂದು ಮೂರು ಸಲ ಹೇಳಿದೆ. ಅಮ್ಮ ಬಂದು ನನ್ನ ಬೆನ್ನು ಸವರಿದಳು. ‘ಹನ್ನೆರಡು ವರ್ಷದ ಕೂಸು ಕಣ್ರೋ ಇವ್ಳು. ಜ್ವರದಲ್ಲಿ ಬಿದ್ದಿದ್ದ ನನ್ನನ್ನ ನೋಡ್ಕೊಳ್ಳೋದೋ, ತಮ್ಮನ್ನ ಹುಡ್ಕೋದೋ? ಯಾರೋ ಹೇಳಿದ್ದನ್ನ ನಂಬಿದ್ಲು, ಪಾಪ’ ಎಂದಳು. ಎಲ್ಲರೂ ಹೌದು ಹೌದು ಎಂದರು.

ಅಗೆದಾಗ ಕಲ್ಲು ಸಿಕ್ಕಿತು. ಅಂಗಿ ಮಣ್ಣಾಗಿತ್ತು, ಅದರ ಮೂರು ಗುಂಡಿಗಳು ಮಾತ್ರ ಉಳಿದಿದ್ದವು. ಅಮ್ಮ ಅವನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಇಟ್ಟಿದ್ದಾಳೆ. ಹೊಸ ಅಂಗಿ ಹೊಲಿದು ಅವೇ ಗುಂಡಿ ಹಚ್ಚುತ್ತಾಳಂತೆ, ಎದೆಯಳತೆ ಕಳಿಸಬೇಕಂತೆ. ಕಲ್ಲನ್ನು ಹೊಳೆಗೆ ಹಾಕೋಣ ಎಂದ ದೊಡ್ಡಪ್ಪ. ಅಮ್ಮ ಬಿಡಲಿಲ್ಲ. ‘ಇಷ್ಟು ವರ್ಷ ನನ್ನನ್ನ ಅಳಿಸ್ತು. ಇನ್ಮೇಲೆ ಸ್ವಲ್ಪ ಕೆಲ್ಸ ಮಾಡ್ಲಿ’ ಎಂದು ಅಡುಗೆಮನೆಯ ಬಾಗಿಲಿಗೆ ಒತ್ತು ಕೊಟ್ಟಿದ್ದಾಳೆ.

ಕುಣಿ ಮುಚ್ಚಿಲ್ಲ. ಅದನ್ನು ನೀನೇ ಬಂದು ನಿನ್ನ ಕೈಯಿಂದ ಮುಚ್ಚಬೇಕು. ನವೆಂಬರ್ ಎರಡರ ಒಳಗೆ ಬಾ. ಅಮ್ಮ ಈ ಸಲ ಒಂದು ಮೇಣದಬತ್ತಿ ಕಡಿಮೆ ತಂದಿದ್ದಾಳೆ, ಪೇಟೆಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಾಳೆ.

ನಿನ್ನನ್ನು ಸಾಕಿದ ಆ ಸೈನಿಕ ತೀರಿಕೊಂಡರೆಂದೆಯಲ್ಲ. ಸೈನ್ಯದವರ ಹೆಸರೆತ್ತಿದರೆ ಉಗುಳುತ್ತಿದ್ದ ಅಮ್ಮ ಮೊನ್ನೆ, ‘ನನ್ನ ಮಗನಿಗೆ ಅನ್ನ ಹಾಕಿ ಓದ್ಸಿದಾನೆ. ಅವನ ಆತ್ಮ ತಣ್ಣಗಿರ್ಲಿ’ ಎಂದಳು. ನಾನು ನನ್ನ ಕಿವಿಯಿಂದಲೇ ಕೇಳಿದೆ. ಹಯಾತಿಯನ್ನೂ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಾ. ಚಳಿ ಇರುತ್ತದೆ, ಮಕ್ಕಳಿಗೆ ಸ್ವೆಟರ್ ತಾ. ಅಪ್ಪನ ಆಶೀರ್ವಾದ, ನಮ್ಮ ಹಿರಿಯರ ಆಶೀರ್ವಾದ, ನೀನು ನಂಬುವ ದೇವರ ಆಶೀರ್ವಾದ ಎಲ್ಲವೂ ನಿನ್ನ ಮನೆಯ ಮೇಲಿರಲಿ.

ನಿನ್ನ ಅಕ್ಕ,
ಫಿಲೊಮೆನಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ನಿನ್ನೆ ನಾನು ಆ ಮಾತನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಲಿಲ್ಲ ನಾಲು. ನೀನು ಸತ್ತೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಶಿಬಿರದಲ್ಲಿ ಅಮ್ಮ ಎದ್ದೇಳುತ್ತಿರಲಿಲ್ಲ. ಹಿಂದಿನ ವಾರವಷ್ಟೇ ನಮ್ಮ ಪುಟ್ಟ ತಂಗಿಯನ್ನು ನಾನೇ ಹೊತ್ತುಕೊಂಡು ಹೋಗಿ ಹೂತು ಬಂದಿದ್ದೆ. ನಿನ್ನ ಕಾಲು ಕಡ್ಡಿಯಾಗಿ ಹೊಟ್ಟೆ ಊದಿಕೊಂಡಿತ್ತು, ತಂಗಿಗೂ ಮೊದಲು ಹಾಗೇ ಆಗಿತ್ತು. ನಿನ್ನನ್ನು ಸಾಕಿದ ಆ ಸೈನಿಕ ಆಗ ಸೈನ್ಯಕ್ಕೆ ಅಡುಗೆ ಮಾಡುತ್ತಿದ್ದವನು, ದಿನವೂ ನಿನ್ನ ಬಾಯಿಗೆ ಒಂದು ತುತ್ತು ಅನ್ನ ಹಾಕುತ್ತಿದ್ದ. ಒಂದು ದಿನ, ಇವನಿಗೆ ಅಪ್ಪ ಅಮ್ಮ ಇಲ್ಲವೇ ಎಂದು ಕೈಸನ್ನೆಯಲ್ಲಿ ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ. ಇವನೊಬ್ಬ ಉಣ್ಣಲಿ ಎನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವನು ಹೊರಡುವಾಗ ನನ್ನ ಕೈಗೆ ಒಂದು ಡಬ್ಬಿ ಮೀನು ಕೊಟ್ಟ. ಅಮ್ಮನಿಗೆ ತಿನ್ನಿಸಿದೆ, ನಾನೂ ತಿಂದೆ. ಅಮ್ಮ ಚೇತರಿಸಿಕೊಂಡು ಎದ್ದು ಕೂತವಳೇ ನೀನೆಲ್ಲಿ ಎಂದು ಕೇಳಿದಾಗ, ಕೊಟ್ಟೆ ಎನ್ನಲು ಬಾಯಿ ಬರಲಿಲ್ಲ. ಸತ್ತ ಎಂದೆ. ಅವಳು ಆ ಕಲ್ಲಿಗೆ ಅಂಗಿ ಸುತ್ತುವಾಗಲೂ ಪಕ್ಕದಲ್ಲೇ ಕೂತಿದ್ದೆ.

ಲಾರಿ ಎತ್ತರವಿತ್ತು. ಕಂಕುಳಿಗೆ ಕೈ ಹಾಕಿ ನಿನ್ನನ್ನು ಎತ್ತಿ ಹತ್ತಿಸಿದ್ದು ನಾನು.

ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ಬಂದರೆ ನಿನ್ನ ಎದುರಿಗೇ ಹೇಳುತ್ತೇನೆ. ಇದನ್ನು ಓದಿಯೂ ಬರುವುದಾದರೆ, ಐನಾರಿನಲ್ಲಿ ಬಸ್ಸು ನಿಲ್ಲುವ ಕಡೆ ನಾನೇ ಬಂದು ನಿಂತಿರುತ್ತೇನೆ. ಆ ಬಸ್ಸಿನ ಮೆಟ್ಟಿಲೂ ಎತ್ತರ. ನನ್ನ ಕೈ ಹಿಡಿದು ಇಳಿಯುತ್ತೀಯೋ, ನೀನಾಗಿಯೇ ಇಳಿಯುತ್ತೀಯೋ, ನಿನ್ನ ಇಷ್ಟ. ಕೈಯನ್ನಂತೂ ಚಾಚಿರುತ್ತೇನೆ.